ಕುರಿಸಂತೆಯಿಂದ ಷೇರುಪೇಟೆಗೆ: ದಲಾಲನ ಹಾದಿ

ಬಾಗಲಕೋಟೆ ಜಿಲ್ಲೆಯ ಅಮೀನಗಡ ಎಂದೊಡನೆ ನೆನಪಾಗುವುದು ಕರದಂಟು ಮತ್ತು ಕುರಿಸಂತೆ. ಬಕ್ರೀದ್ ಹಬ್ಬಕ್ಕೆ ಬೆಂಗಳೂರಿನವರೂ ಅಮೀನಗಡದ ಟಗರನ್ನು ಹುಡುಕಿ ಕೊಳ್ಳುತ್ತಾರೆ. ಉತ್ತರ ಕರ್ನಾಟಕದ ಜಾನುವಾರು ಸಂತೆಗಳಲ್ಲಿ ಮಾರುವವನಿಗೂ ಕೊಳ್ಳುವವನಿಗೂ ನಡುವೆ ದಲಾಲ ನಿಲ್ಲುತ್ತಾನೆ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಸೂಚಿಸುವುದು ಅಲ್ಲಿನ ಹಳೆಯ ರೂಢಿ. ಹಲ್ಲು ನೋಡಿ ವಯಸ್ಸು ಹೇಳುವುದು, ಮುರಿದುಬಿದ್ದ ಮಾತನ್ನು ಮತ್ತೆ ಕೂಡಿಸುವುದು, ಬಾಕಿ ಹಣಕ್ಕೆ ಹೊಣೆಯಾಗುವುದು ಇವೆಲ್ಲ ದಲಾಲನ ಕೆಲಸ. ಅವನಿಗೆ ಸಲ್ಲುವ ದಲಾಲಿ ತಿಳಿವಳಿಕೆಯ ಬೆಲೆ, ನಂಬಿಕೆಯ ಬೆಲೆ.

ಈ ನೆಲಕ್ಕೆ ಅದು ಹೊಸದಲ್ಲ. ನೆರೆಯ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಂಘದ ಶಾಸನ ಸುಮಾತ್ರದಲ್ಲಿಯೂ ಸಿಕ್ಕಿದೆ. ಅದರ ಕಾಲ ಕ್ರಿ.ಶ. 1088. ದೂರದ ಪೇಟೆಯಲ್ಲಿ ವರ್ತಕನ ಬೆನ್ನಿಗಿದ್ದುದು ಸಂಘದ ಹೆಸರು.

ಷೇರುಪೇಟೆಯೂ ಸಂತೆಯಂತೆಯೇ ಹುಟ್ಟಿತು. 1850ರ ದಶಕದಲ್ಲಿ ಮುಂಬಯಿಯ ದಲಾಲರು ಆಲದ ಮರದಡಿ ಸೇರುತ್ತಿದ್ದರು. 1875ರಲ್ಲಿ ಸಂಘ ಕಟ್ಟಿಕೊಂಡರು. ಬೆಂಗಳೂರು ಷೇರು ವಿನಿಮಯ ಕೇಂದ್ರ 1957ರಲ್ಲಿ ಸ್ಥಾಪನೆಯಾಗಿ 1963ರಲ್ಲಿ ಮಾನ್ಯತೆ ಪಡೆಯಿತು. ಆಗ ಷೇರು ಎಂದರೆ ಕಾಗದ. ಅಂದಿನ ದರವನ್ನು ಫೋನಿನಲ್ಲಿ ಕೇಳಬೇಕು, ವರ್ಗಾವಣೆ ಪತ್ರಕ್ಕೆ ಸಹಿ ಹಾಕಬೇಕು, ಪ್ರಮಾಣಪತ್ರಕ್ಕೆ ವಾರಗಟ್ಟಲೆ ಕಾಯಬೇಕು. ಇವೆಲ್ಲಕ್ಕೂ ದಲಾಲನೇ ದಿಕ್ಕು. ಪೂರ್ಣ ಸೇವೆಯ ದಲಾಲ ಎಂದರೆ ಇವನೇ: ಯಾವ ಕಂಪನಿ, ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂಬ ಸಲಹೆಯೂ ದಲಾಲಿಯಲ್ಲಿ ಸೇರಿರುತ್ತಿತ್ತು.

ಈ ಏರ್ಪಾಡು ಮೊದಲು ಸಡಿಲವಾದದ್ದು ಅಮೆರಿಕದಲ್ಲಿ. 1975ರ ಮೇ 1ರಂದು ಅಲ್ಲಿ ನಿಗದಿತ ದಲಾಲಿ ರದ್ದಾಯಿತು; ಸಲಹೆ ಕೊಡದೆ ಅಗ್ಗದ ದರಕ್ಕೆ ವ್ಯವಹಾರ ಮಾತ್ರ ನಡೆಸಿಕೊಡುವ ಚಾರ್ಲ್ಸ್ ಶ್ವಾಬ್‌ನಂಥ ಸಂಸ್ಥೆಗಳು ಬೆಳೆದವು. ಭಾರತದಲ್ಲಿ 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ದರವನ್ನು ಕಂಪ್ಯೂಟರ್ ಪರದೆಗೆ ತಂದಿತು. 1996ರಿಂದ ಷೇರುಗಳು ಕಾಗದ ಬಿಟ್ಟು ಡಿಮ್ಯಾಟ್ ಖಾತೆ ಸೇರತೊಡಗಿದವು. ಟವೆಲ್ಲಿನ ಮರೆ ಸರಿದಂತಾಯಿತು.

2010ರಲ್ಲಿ ನಿತಿನ್ ಕಾಮತ್ ಬೆಂಗಳೂರಿನಲ್ಲಿ ಝೆರೋಧಾ ಆರಂಭಿಸಿದರು. ಸೊನ್ನೆ ಎಂಬ ಅರ್ಥದ ಇಂಗ್ಲಿಷ್ ಪದಕ್ಕೆ 'ರೋಧ' ಸೇರಿಸಿದ ಹೆಸರಿದು. ತಡೆಯಿಲ್ಲದ್ದು ಎಂದು ಅರ್ಥ. ಒಂದು ಲಕ್ಷ ರೂಪಾಯಿಯ ವ್ಯವಹಾರಕ್ಕೆ ಶೇ 0.5ರಂತೆ ದಲಾಲಿ ಕೊಟ್ಟರೆ 500 ರೂಪಾಯಿ. ಆಗ ಇಲ್ಲಿ ಒಂದು ಆದೇಶಕ್ಕೆ ಹೆಚ್ಚೆಂದರೆ 20 ರೂಪಾಯಿ ಇತ್ತು. 2015ರ ಡಿಸೆಂಬರಿನಲ್ಲಿ, ಕೊಂಡು ಇಟ್ಟುಕೊಳ್ಳುವ ಷೇರುಗಳಿಗೆ ಅದೂ ಇಲ್ಲವಾಯಿತು. ಅದಕ್ಕೆ ಒಂದು ವರ್ಷ ಮೊದಲೇ, 2014ರಲ್ಲಿ, ಬೆಂಗಳೂರು ವಿನಿಮಯ ಕೇಂದ್ರ ಬಾಗಿಲು ಮುಚ್ಚಿತ್ತು.

ಹಾಗಾದರೆ ಹಳೆಯ ದಲಾಲ ಬೇಡವೇ? ಅವನ ಸಲಹೆಯಲ್ಲಿಯೂ ಒಂದು ತೊಡಕಿತ್ತು: ಗಿರಾಕಿ ಹೆಚ್ಚು ಸಲ ಕೊಂಡು ಮಾರಿದಷ್ಟೂ ದಲಾಲನಿಗೆ ಲಾಭ. ಆದರೆ ಸಲಹೆಯೇ ಇಲ್ಲದ ಸ್ವಾತಂತ್ರ್ಯಕ್ಕೂ ಬೆಲೆಯಿದೆ. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಷೇರುಗಳ ವಾಯಿದಾ ವ್ಯಾಪಾರಕ್ಕಿಳಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿದೆ. ಅವರು ಪೂರ್ಣ ಸೇವೆಯವರ ಗಿರಾಕಿಗಳೋ ಅಗ್ಗದವರ ಗಿರಾಕಿಗಳೋ, ದಲಾಲಿಯ ದರವೊಂದೇ ಅವರನ್ನು ಕಾಯಲಿಲ್ಲ.

ಹಲ್ಲು ನೋಡಲು ಬಲ್ಲವನು ದಲಾಲಿ ಉಳಿಸಿಕೊಳ್ಳಬಹುದು. ಬಾರದವನು ಕಲಿಯಬೇಕು, ಇಲ್ಲವೇ ಬಲ್ಲವನಿಗೆ ಕೂಲಿ ಕೊಡಬೇಕು. ಸಂತೆಗೂ ಷೇರುಪೇಟೆಗೂ ಈ ಲೆಕ್ಕ ಒಂದೇ.