ಹಿಟ್ಟಿನ ಕೋಳಿಯ ಕೊಲೆ

ಪಾಪಪ್ರಜ್ಞೆಯ ಮಾತು ಬಂದರೆ ಓದುವ ಗೆಳೆಯರೆಲ್ಲ ನೇರ ದಾಸ್ತೋವ್‌ಸ್ಕಿ ಹತ್ರ ಹೋಗ್ತಾರೆ. ತಪ್ಪೇನಿಲ್ಲ. 1866ರಲ್ಲಿ ಬಂದ ‘ಅಪರಾಧ ಮತ್ತು ಶಿಕ್ಷೆ’ಯ ರಸ್ಕೋಲ್ನಿಕೋವ್ ಒತ್ತೆ ಇಟ್ಟುಕೊಳ್ಳುವ ಮುದುಕಿಯನ್ನು ಕೊಡಲಿಯಿಂದ ಕೊಂದ. ಪೊಲೀಸರಿಗಿಂತ ಮೊದಲೇ ಅವನ ಮನಸ್ಸು ಅವನನ್ನು ಹಿಡಿಯಿತು. ಆದ್ರೆ ಕೊಲ್ಲದೇ ಇದ್ದವನಿಗೂ ಪಾಪ ಅಂಟುತ್ತಾ? ಇದನ್ನ ಕನ್ನಡದ ಕವಿಯೊಬ್ಬ ಆರೂವರೆ ಶತಮಾನ ಮೊದಲೇ ಕೇಳಿದ್ದ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ ‘ಯಶೋಧರ ಚರಿತೆ’ ಮುಗಿಸಿದ್ದು 1209ರಲ್ಲಿ. ಕಥೆ ಜೈನರಲ್ಲಿ ಹಳೇದು. 959ರಲ್ಲೇ ಸೋಮದೇವಸೂರಿ ಸಂಸ್ಕೃತದಲ್ಲಿ ‘ಯಶಸ್ತಿಲಕ’ ಬರೆದಿದ್ದ. ರಾಣಿ ಅಮೃತಮತಿ ರಾತ್ರಿ ಕೇಳಿದ ಹಾಡಿಗೆ ಸೋತು ಕುರೂಪಿ ಮಾವುತನ ಬಳಿ ಹೋಗುತ್ತಾಳೆ. ಹಿಂಬಾಲಿಸಿದ ಯಶೋಧರ ಕತ್ತಿ ಎತ್ತುತ್ತಾನೆ, ತಡೆದುಕೊಳ್ಳುತ್ತಾನೆ. ಬೆಳಗ್ಗೆ ತಾಯಿ ಚಂದ್ರಮತಿಗೆ ನಿಜ ಹೇಳಲಾಗದೆ, ಕೆಟ್ಟ ಕನಸು ಬಿತ್ತು ಅಂತಾನೆ. ದೇವಿಗೆ ಪ್ರಾಣಿ ಬಲಿ ಕೊಡು ಅಂತ ತಾಯಿಯ ಹಟ. ಜೀವ ತೆಗೆಯಲಾರೆ ಅಂತ ಮಗ. ಕೊನೆಗೆ ರಾಜಿ: ಹಿಟ್ಟಿನ ಕೋಳಿ. ಕಡಿದಾಗ ಅದು ಕೂಗಿತು, ಒಳಗೊಂದು ಬೆಂತರ ಹೊಕ್ಕಿತ್ತು.

ಆಮೇಲೆ ರಾಣಿ ತಾಯಿ-ಮಗ ಇಬ್ಬರಿಗೂ ವಿಷ ಹಾಕಿದಳು. ಅವರು ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿ ಅಂತ ಜನ್ಮದಿಂದ ಜನ್ಮಕ್ಕೆ ಕೊಲೆಯಾಗುತ್ತಾ ಹೋದರು. ಹಿಟ್ಟಿಗೆ ಇಷ್ಟೊಂದು ಶಿಕ್ಷೆಯಾ ಅನಿಸುತ್ತೆ. ಜೈನರ ಉತ್ತರ ಸ್ಪಷ್ಟ: ಹಿಂಸೆ ಹುಟ್ಟೋದು ಸಂಕಲ್ಪದಲ್ಲಿ. ಕೈಯಲ್ಲಿದ್ದದ್ದು ಹಿಟ್ಟು, ಮನಸ್ಸಲ್ಲಿದ್ದದ್ದು ಕೋಳಿ. ಹಿಂದಿನ ರಾತ್ರಿ ತಡೆದ ಕತ್ತಿಯೂ ಅಲ್ಲೇ ಇತ್ತು ಅಂತ ನಾನು ಓದಿಕೊಳ್ಳುತ್ತೇನೆ.

ಹಾಗಾಗಿ ಯಶೋಧರನಿಗೆ ನಿಜವಾದ ಜೋಡಿ ರಸ್ಕೋಲ್ನಿಕೋವ್ ಅಲ್ಲ, ‘ಕರಮಜೋವ್ ಸಹೋದರರು’ ಕಾದಂಬರಿಯ ಇವಾನ್. ಅವನು ಅಪ್ಪನನ್ನು ಮುಟ್ಟಲಿಲ್ಲ, ಸಾಯಲಿ ಅಂತ ಬಯಸಿ ಊರು ಬಿಟ್ಟ. ಕೊಂದವನು ಬೇರೆ, ಹುಚ್ಚು ಹಿಡಿಯುವಷ್ಟು ನರಳಿದವನು ಇವಾನ್. ವ್ಯತ್ಯಾಸ ಒಂದೇ: ರಷ್ಯನ್ನನ ನರಕ ತಲೆಯೊಳಗೆ, ಜನ್ನನದು ಜನ್ಮಗಳಲ್ಲಿ.

ಜೆ.ಪಿ. ನಗರದಲ್ಲಿದ್ದ ಗಿರೀಶ ಕಾರ್ನಾಡರು ಇದೇ ಕಥೆಯಿಂದ ‘ಹಿಟ್ಟಿನ ಹುಂಜ’ ಬರೆದರು, ಮುಂದೆ ಅದು ಇಂಗ್ಲಿಷಿನಲ್ಲಿ ‘ಬಲಿ’ ಆಯ್ತು. ಅಲ್ಲಿ ರಾಣಿ ಜೈನಳು, ಅತ್ತೆ ಬಲಿ ಕೊಡುವವಳು, ರಾಜ ನಡುವೆ ಸಿಕ್ಕಿಕೊಂಡವನು. ಬೆಂತರದ ಕೆಲಸವನ್ನು ಮನುಷ್ಯರೇ ಮಾಡಿಕೊಳ್ಳುತ್ತಾರೆ.

ಕರ್ನಾಟಕದಲ್ಲಿ ಪ್ರಾಣಿಬಲಿ ತಡೆ ಕಾಯ್ದೆ 1959ರಿಂದ ಇದೆ. ಅದು ಕೈಯನ್ನು ತಡೆಯುತ್ತೆ, ಹಿಟ್ಟಿನ ಕೋಳಿಯ ತಂಟೆಗೆ ಬರಲ್ಲ. ಆಯುಧಪೂಜೆಯ ದಿನ ಜಯನಗರ, ಬನಶಂಕರಿಯ ರಸ್ತೆ ತುಂಬಾ ಕುಂಕುಮ ತುಂಬಿದ ಬೂದುಗುಂಬಳ ಒಡೆದಿರುತ್ತೆ. ಪ್ರಾಣಿ ಉಳಿಯಿತಲ್ಲ, ಅದು ದೊಡ್ಡದೇ. ಆದ್ರೆ ಬಲಿಯ ಬದಲು ಕಾಯಿ ಇಟ್ಟ ಮೇಲೆ ಸಿಟ್ಟಿನ ಬದಲು ಏನಿಟ್ಟೆವು ಅಂತ ಜನ್ನ ಇನ್ನೂ ಕೇಳ್ತಾನೇ ಇದ್ದಾನೆ.