ಅವ್ವನ ಎಡೆ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ 949-50ರ ಸುಮಾರಿಗೆ ಒಂದು ನಾಯಿಯ ನೆನಪಿಗೆ ಕಲ್ಲು ನೆಟ್ಟರು. ಗಂಗರ ಬೂತುಗನಿಂದ ಮಣಲೇರನೆಂಬ ವೀರ ಪಡೆದಿದ್ದ ಬೇಟೆನಾಯಿ ಅದು, ಹೆಸರು ಕಾಳಿ. ದೊಡ್ಡ ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಕಲ್ಲಿನ ಪೂಜೆಗೆ ಭೂಮಿ ಬಿಟ್ಟದ್ದಲ್ಲದೆ, ಆ ಭೂಮಿ ನೋಡಿಕೊಳ್ಳುವ ಗೊರವ ಪೂಜೆ ಮಾಡದೆ ಉಣ್ಣಬಾರದೆಂದೂ ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ತುರು ಉಳಿಸಲು ಹೋಗಿ ಮಡಿದವನಿಗೆ ವೀರಗಲ್ಲು, ಗಂಡನ ಚಿತೆಯೇರಿದವಳಿಗೆ ಮಾಸ್ತಿಗಲ್ಲು. ಹೆತ್ತು ಸಾಕಿ, ರಾಗಿ ಬೀಸಿ, ಕಳೆ ಕಿತ್ತು, ಮುಪ್ಪಾಗಿ ಹಾಸಿಗೆಯಲ್ಲೇ ಕಣ್ಣುಮುಚ್ಚಿದ ತಾಯಿಗೆ ಯಾರೂ ಕಲ್ಲು ನೆಡಲಿಲ್ಲ. ಅವಳಿಗಿರುವುದು ವರ್ಷಕ್ಕೊಂದು ಬಾಳೆಲೆ.

ಮಂಡ್ಯ, ಮೈಸೂರು, ರಾಮನಗರದ ಸೀಮೆಯಲ್ಲಿ ಅದು ಹಿರಿಯರ ಹಬ್ಬ. ಭಾದ್ರಪದ ಬಹುಳದ ಹದಿನೈದು ದಿನಗಳಲ್ಲಿ, ಹೆಚ್ಚಾಗಿ ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ನಡೆಯುತ್ತದೆ. ಶ್ರಾದ್ಧ ಮಾಡುವ ಮನೆಗಳಲ್ಲಿ ಮುತ್ತೈದೆಯಾಗಿ ಹೋದ ತಾಯಿಗೆ ಬೇರೆಯೇ ದಿನ, ಅವಿಧವಾ ನವಮಿ. ಎಡೆ ಇಡುವ ಮನೆಗಳಲ್ಲಿ ಕಳಶದ ಪಕ್ಕ ಹೊಸ ಸೀರೆ, ಬಳೆ, ಕುಂಕುಮ ಇಡುತ್ತಾರೆ. ಫೋಟೋ ಬಂದದ್ದು ಈಚೆಗೆ. ಎಷ್ಟೋ ತಾಯಂದಿರು ಬದುಕಿನಲ್ಲಿ ಒಂಟಿಯಾಗಿ ಕ್ಯಾಮೆರಾದ ಎದುರು ಕೂತದ್ದೇ 1993ರ ನಂತರ, ಮತದಾರರ ಗುರುತಿನ ಚೀಟಿಗಾಗಿ. ಆ ಬೆರಳಗಲದ ಮುಖವನ್ನೇ ಸ್ಟುಡಿಯೋದವರು ದೊಡ್ಡದು ಮಾಡಿ, ಕಟ್ಟು ಹಾಕಿಸಿಕೊಟ್ಟಿದ್ದಾರೆ.

ಫೋಟೋದಲ್ಲಿ ಅವಳ ಸ್ವಭಾವ ಕಾಣುವುದಿಲ್ಲ. ಅದೆಲ್ಲ ಇರುವುದು ಎಲೆಯ ಮೇಲೆ. ಮುದ್ದೆ, ಬಾಡಿನ ಸಾರು, ಕಜ್ಜಾಯ, ವಡೆ ಎಲ್ಲರಿಗೂ ಸಾಮಾನ್ಯ. ಅದಾದ ಮೇಲೆ ಅವಳಿಗೆಂದೇ ಇಡುವುದು ಶುರುವಾಗುತ್ತದೆ. ವೀಳ್ಯದೆಲೆಯ ತೊಟ್ಟು ಮುರಿದು, ನಾರು ಸುಲಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹೋಳಿನ ಜೊತೆ ಉಗುರಗಲ ಹೊಗೆಸೊಪ್ಪು ಮಡಿಸಬೇಕು. ಎಷ್ಟು ಸುಣ್ಣ ಎಂಬಲ್ಲೇ ಅಕ್ಕತಂಗಿಯರಿಗೆ ಜಗಳ. "ಅವ್ವುಂಗೆ ಸುಣ್ಣ ಒಸಿ ಮುಂದಿರ್ಬೇಕಿತ್ತು ಕಣಕ್ಕ" ಎಂದು ಕಿರಿಯವಳು ಡಬ್ಬಿಯನ್ನು ತನ್ನತ್ತ ಎಳೆದುಕೊಳ್ಳುತ್ತಾಳೆ.

ಮನೆಯವರೆಲ್ಲ ಸರದಿಯಂತೆ ಕೆಂಡಕ್ಕೆ ಧೂಪ ಹಾಕಿ, ಬಾಗಿಲೆಳೆದುಕೊಂಡು ಹೊರಗೆ ಬರುತ್ತಾರೆ. ಹಿರಿಯರು ಬಂದು ಉಣ್ಣಲಿ ಎಂದು ಬಿಡುವ ಹೊತ್ತು ಅದು. ಹಬ್ಬದ ಜೀವ ಇರುವುದು ಈ ಹೊತ್ತಿನಲ್ಲಿ. ಒಳಗೆ ಎಡೆ ಆರುತ್ತಿದ್ದರೆ ಹೊರಗೆ ಜಗಲಿಯ ಮೇಲೆ ಮಾತು ಏಳುತ್ತದೆ. ಅವ್ವ ಸೆರಗಿನ ತುದಿಗೆ ಗಂಟು ಹಾಕಿದ್ದ ಕಾಸು, ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ನೋಟು, ಮಳೆ ಬಂದರೆ ಮಕ್ಕಳಿಗಿಂತ ಮೊದಲು ಕುರುಳು ಬೆರಣಿ ಒಳಗೆ ತರುತ್ತಿದ್ದ ಅವಸರ, ಸೊಸೆಯನ್ನು ಬೈದು ಅರ್ಧ ಗಂಟೆಗೆ ಅವಳಿಗೇ ಕೆನೆ ಮೊಸರು ಬಡಿಸುತ್ತಿದ್ದ ರೀತಿ.

ಪಿ. ಲಂಕೇಶರ ‘ಅವ್ವ’ ಕವಿತೆ ತಾಯಿಯನ್ನು ಪುರಾಣದ ಪತಿವ್ರತೆಯರ ಸಾಲಿನಿಂದ ಬಿಡಿಸಿ, ದುಡಿಮೆ, ಸಿಟ್ಟು, ಗೊಣಗಾಟಗಳ ಸಮೇತ ನಿಲ್ಲಿಸಿತು. ಕನ್ನಡ ಕಾವ್ಯಕ್ಕೆ ಅದು ಹೊಸ ದನಿ. ಹೆಸರಿಲ್ಲದ ಎಷ್ಟೋ ಜಗಲಿಗಳ ಮೇಲೆ ಆ ಕೆಲಸವನ್ನು ಹೆಣ್ಣುಮಕ್ಕಳು ವರ್ಷವರ್ಷವೂ ಮಾಡುತ್ತ ಬಂದಿದ್ದಾರೆ, ಇಂದಿಗೂ ಮಾಡುತ್ತಾರೆ. ಅಜ್ಜಿಯನ್ನು ಕಾಣದ ಮೊಮ್ಮಕ್ಕಳಿಗೂ ಅವಳ ಬೈಗುಳ ಬಾಯಿಪಾಠವಾಗಿರುವುದು ಹೀಗೆ.

ಆತಕೂರಿನ ಗೊರವನಂತೆ ಇಲ್ಲೂ ಎಡೆಯಾಗುವ ತನಕ ಯಾರೂ ಉಣ್ಣುವುದಿಲ್ಲ. ಬಾಗಿಲು ತೆರೆದಾಗ ಧೂಪದ ಹೊಗೆ ಇನ್ನೂ ತೊಲೆಯ ಹತ್ತಿರ ನಿಂತಿರುತ್ತದೆ. ಮೊದಲ ತುತ್ತು ಸೂರಿನ ಮೇಲೆ ಕಾಗೆಗೆ. ಮಕ್ಕಳು ಕಜ್ಜಾಯಕ್ಕೆ ಕೈಹಾಕುತ್ತಾರೆ. ದೊಡ್ಡ ಮಗಳು ಅವ್ವನ ಎಲೆಯಡಿಕೆಯನ್ನು ಬಾಯಿಗಿಟ್ಟುಕೊಂಡು, ಸುಣ್ಣ ಚುರ್ ಎಂದಾಗ ಕಣ್ಣೊರೆಸಿಕೊಂಡು, ತಂಗಿಯತ್ತ ನೋಡಿ ತಲೆಯಾಡಿಸುತ್ತಾಳೆ.