ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಅಪ್‌ಗ್ರೇಡ್ ಆದಮೇಲೆ ಫೈರ್‌ಫಾಕ್ಸ್ ಓಪನ್ ಆಗ್ತಿಲ್ಲ ಅಂದ್ರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡೋದು ಒಂದೇ ಕೆಲಸ: ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡೋದು. ಆಮೇಲೆ ಐಕಾನ್ ಒತ್ತಿದರೆ ಮತ್ತೆ ಅದೇ ಕಥೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ! ಎಷ್ಟೋ ಸಲ ಪ್ರೋಗ್ರಾಂ ಗಟ್ಟಿಮುಟ್ಟಾಗೇ ಇರುತ್ತೆ. ಜ್ವರ ಬಂದಿರೋದು ಪ್ರೊಫೈಲಿಗೆ. ಇವೆರಡೂ ಬೇರೆ ಬೇರೆ ಆಗಿದ್ದರ ಹಿಂದೆ ಒಂದು ಹಳೇ ಕಥೆ ಇದೆ.

1997ರಲ್ಲಿ ನೆಟ್‌ಸ್ಕೇಪ್ ಕಮ್ಯುನಿಕೇಟರ್ 4 ಬಂತು. ಮನೆಗೊಂದೇ ಕಂಪ್ಯೂಟರ್ ಇದ್ದ ಕಾಲ ಅದು. ಒಬ್ಬೊಬ್ಬರ ಬುಕ್‌ಮಾರ್ಕ್, ಮೇಲ್, ಸೆಟ್ಟಿಂಗ್ ಬೇರೆ ಬೇರೆ ಇಡೋಕೆ ಅದರಲ್ಲಿ ತಲೆಗೊಂದು ಪ್ರೊಫೈಲ್ ಮಾಡಬಹುದಿತ್ತು. 1998ರ ಮಾರ್ಚ್ 31ರಂದು ನೆಟ್‌ಸ್ಕೇಪ್ ತನ್ನ ಸೋರ್ಸ್ ಕೋಡನ್ನು ಹೊರಗೆ ಬಿಟ್ಟಿತು. ಮೊಜಿಲ್ಲಾ ಬೆಳೆದದ್ದು ಅದರಿಂದ. 2002ರ ಫೀನಿಕ್ಸ್ 2003ರಲ್ಲಿ ಫೈರ್‌ಬರ್ಡ್ ಆಯ್ತು, 2004ರಲ್ಲಿ ಫೈರ್‌ಫಾಕ್ಸ್ ಆಯ್ತು. ಹೆಸರು ಬದಲಾದರೂ ಪ್ರೊಫೈಲ್ ಪದ್ಧತಿ ಉಳೀತು. ಮನೆಯ ಹೆಂಚು ಬದಲಿಸಿದರೆ ಕಣಜದ ಕಾಳಿಗೆ ಏನೂ ಆಗಬಾರದಲ್ಲ, ಹಾಗೆ.

ಆದರೆ ಹೊಸ ಪ್ರೋಗ್ರಾಂ ಹಳೇ ಕಾಳನ್ನೇ ಅರಗಿಸಿಕೊಳ್ಳಬೇಕು. ಕಷ್ಟ ಇರೋದು ಅಲ್ಲೇ. 2008ರ ಜೂನ್ 17ರಂದು ಬಂದ ಫೈರ್‌ಫಾಕ್ಸ್ 3, ಒಂದೇ ದಿನದಲ್ಲಿ 80 ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್ ಆಗಿ ಗಿನ್ನೆಸ್ ದಾಖಲೆ ಮಾಡ್ತು. ಅಲ್ಲಿವರೆಗೆ ಸಾದಾ ಎಚ್‌ಟಿಎಂಎಲ್ ಫೈಲಿನಲ್ಲಿದ್ದ ಬುಕ್‌ಮಾರ್ಕ್‌ಗಳು ಆಗ ಡೇಟಾಬೇಸ್ ಸೇರಿದವು. 2011ರಲ್ಲಿ, ಮಾರ್ಚ್‌ಗೆ 4, ಜೂನ್‌ಗೆ 5 ಅಂತ ಆವೃತ್ತಿಗಳು ಓಡತೊಡಗಿದವು. 2017ರ ನವೆಂಬರ್ 14ರ 57ನೇ ಆವೃತ್ತಿಯಲ್ಲಂತೂ ಹಳೇ ಮಾದರಿಯ ಆಡ್‌-ಆನ್‌ಗಳೆಲ್ಲ ನಿಂತೇ ಹೋದವು.

2019ರ ಮೇನಲ್ಲಿ ಬಂದ 67ನೇ ಆವೃತ್ತಿ ಎರಡು ಹೊಸ ನಿಯಮ ತಂತು. ಒಂದು, ಪ್ರತಿ ಇನ್‌ಸ್ಟಾಲ್‌ಗೂ ತನ್ನದೇ ಪ್ರೊಫೈಲ್. ಎರಡು, ಹೊಸ ಆವೃತ್ತಿ ಮುಟ್ಟಿದ ಪ್ರೊಫೈಲನ್ನು ಹಳೇ ಆವೃತ್ತಿ ತೆರೆಯೋ ಹಾಗಿಲ್ಲ. "ಹಳೇದನ್ನೇ ಹಾಕ್ಕೊಂಡ್ರಾಯ್ತು" ಅನ್ನೋ ನಮ್ಮ ಉಪಾಯಕ್ಕೆ ಅಲ್ಲಿಗೆ ಬಾಗಿಲು ಮುಚ್ಚಿತು.

ಈ ಕಥೆ ಗೊತ್ತಿದ್ದರೆ ರಿಪೇರಿಯ ದಾರಿ ತಾನಾಗೇ ಕಾಣುತ್ತೆ. "ಈಗಾಗಲೇ ಓಡುತ್ತಿದೆ" ಅಂತ ಮೆಸೇಜ್ ಬಂದರೆ, ಹಳೇ ಪ್ರೋಸೆಸ್ ಪ್ರೊಫೈಲಿಗೆ ಬೀಗ ಹಾಕಿ ಕೂತಿರಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದನ್ನು ಮುಗಿಸಿ. ಅದೂ ಅಲ್ಲದಿದ್ದರೆ, ವಿಂಡೋಸ್‌ನಲ್ಲಿ ಶಿಫ್ಟ್ ಒತ್ತಿ ಹಿಡಿದು ಓಪನ್ ಮಾಡಿ. ಆಗ ಆಡ್‌-ಆನ್‌ಗಳಿಲ್ಲದೆ ತೆರೆಯುತ್ತೆ. ತೆರೆದರೆ ಮೊದಲ ಅನುಮಾನ ಅವುಗಳ ಮೇಲೆ. ಇಲ್ಲವೇ? "ಫೈರ್‌ಫಾಕ್ಸ್ -ಪಿ" ಕೊಟ್ಟು ಪ್ರೊಫೈಲ್ ಮ್ಯಾನೇಜರ್ ತೆಗೆದು ಹೊಸ ಪ್ರೊಫೈಲ್ ಮಾಡಿ. ಅದು ಓಡಿದರೆ ಜ್ವರ ಯಾರಿಗೆ ಅಂತ ಗೊತ್ತಾಯ್ತು. ಹೊಸದೂ ಓಡದಿದ್ದರೆ ಮಾತ್ರ ರೀಇನ್‌ಸ್ಟಾಲ್.

ಹಳೇ ಪ್ರೊಫೈಲ್ ಫೋಲ್ಡರನ್ನು ಮಾತ್ರ ಅವಸರದಲ್ಲಿ ಅಳಿಸಬೇಡಿ. ಬ್ರೌಸರ್ ಬೇಕೆಂದಾಗ ಪುಕ್ಕಟೆ ಸಿಗುತ್ತೆ. ಸಿಂಕ್ ಮಾಡದೇ ಇಟ್ಟ ಬುಕ್‌ಮಾರ್ಕ್‌ಗಳು, ನಿಮಗೇ ನೆನಪಿಲ್ಲದ ಪಾಸ್‌ವರ್ಡ್‌ಗಳು ಇರೋದು ಆ ಫೋಲ್ಡರ್‌ನಲ್ಲೇ. ಮೊದಲು ಅದನ್ನು ಇನ್ನೊಂದು ಕಡೆ ಕಾಪಿ ಮಾಡಿಟ್ಟು, ಆಮೇಲೆ ಯಾವ ಮದ್ದು ಬೇಕಾದರೂ ಅರೆಯಿರಿ.